ಪಿಂಚಣಿ ಶಿಬಿರ ಮೀನುಗಾರಿಕೆ ನಿಷೇಧದ ದಿನಗಳಲ್ಲೇ ನಡೆಯಲಿ

ಮಾನ್ಯ ಸಂಪಾದಕರೇ,

ನಾನು ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಮನೆ ಕಾರವಾರದ ಕೋಡಿಬಾಗದಲ್ಲಿ. ರಜೆಯಲ್ಲಿ ಗೆಳತಿಯರು ಕೆಲವರು ಕಂಪ್ಯೂಟರ್ ಕ್ಲಾಸ್ ಸೇರಿದರು, ಕೆಲವರು ಗೋವಾದ ನೆಂಟರ ಮನೆಗೆ ಹೋದರು. ನಾನು ನಮ್ಮ ಚರ್ಚಿನ ವಿನ್ಸೆಂಟ್ ಡಿ ಪಾಲ್ ಸಭೆಯವರ ಜೊತೆ, ಒಂಟಿಯಾಗಿರುವ ಅಜ್ಜಿಯರ ಮನೆಗಳಿಗೆ ಹೋಗುತ್ತಿದ್ದೆ.

ಈ ಸಭೆಯನ್ನು 1833ರಲ್ಲಿ ಪ್ಯಾರಿಸ್‌ನಲ್ಲಿ ಶುರು ಮಾಡಿದ್ದೇ ಕಾಲೇಜು ಹುಡುಗರು. ಅವರ ಮುಂದಾಳು ಫ್ರೆಡೆರಿಕ್ ಓಝಾನಾಮ್‌ಗೆ ಆಗ 20 ವರ್ಷ. ನಿಮ್ಮ ಧರ್ಮ ಈಗ ಬಡವರಿಗೆ ಏನು ಮಾಡುತ್ತಿದೆ ಎಂದು ಯಾರೋ ಕೆಣಕಿದ್ದಕ್ಕೆ, ಅವರು ಒಂದು ಬಡ ಮನೆಗೆ ಸೌದೆ ಹೊತ್ತುಕೊಂಡು ಹೋದರಂತೆ. ನಮಗೂ ಅಕ್ಕಿ, ಸಾಬೂನು ಹೊರುವ ಕೆಲಸ ಇತ್ತು. ಆದರೆ ಅಜ್ಜಿಯರಿಗೆ ಅದಕ್ಕಿಂತ ಜಾಸ್ತಿ ಬೇಕಾಗಿದ್ದು ಕಾಗದಪತ್ರ ನೋಡಿ ವಿಷಯ ಹೇಳುವವರು.

ಒಬ್ಬ ಅಜ್ಜಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತು ತಿಂಗಳುಗಳೇ ಆಗಿದ್ದವು. 65 ದಾಟಿದ ಬಡವರಿಗೆ ತಿಂಗಳಿಗೆ ಬರುವುದು 1,200 ರೂಪಾಯಿ. ಅವರ ಮಾತ್ರೆಗೂ ಗ್ಯಾಸಿಗೂ ಅದೇ ದಿಕ್ಕು. ಬ್ಯಾಂಕಿನಲ್ಲಿ ಕೇಳಿದರೆ ‘ಬಂದಿಲ್ಲ’ ಅಂತ ಒಂದೇ ಮಾತು. ಆಧಾರ್ ವೆಬ್‌ಸೈಟಿನಲ್ಲಿ ನೋಡೋಣವೆಂದರೆ ಓಟಿಪಿ ಹೋಗಿದ್ದು ಕುವೈತ್‌ನಲ್ಲಿರುವ ಮಗನ ಫೋನಿಗೆ. ಅವನು ಡ್ಯೂಟಿಯಲ್ಲಿ. ರಾತ್ರಿ ಅವನು ಸಿಕ್ಕ ಮೇಲೆ ಗೊತ್ತಾಯಿತು, ಪಿಂಚಣಿ ನಿಂತೇ ಇರಲಿಲ್ಲ! ಸ್ವಸಹಾಯ ಸಂಘದ ಸಾಲಕ್ಕೆಂದು ತೆರೆದ ಇನ್ನೊಂದು ಖಾತೆಗೆ ಹೋಗುತ್ತಿತ್ತು. ಆಧಾರ್ ಮೂಲಕ ಬರುವ ಸರಕಾರದ ಹಣ, ಎಲ್ಲಕ್ಕಿಂತ ಕೊನೆಯಲ್ಲಿ ಯಾವ ಖಾತೆಗೆ ಆಧಾರ್ ಜೋಡಿಸಿದ್ದೇವೋ ಅಲ್ಲಿಗೇ ಹೋಗುತ್ತದೆ. ಆ ಪಾಸ್‌ಬುಕ್ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿತ್ತು. ಇಷ್ಟನ್ನು ಬ್ಯಾಂಕಿನಲ್ಲೇ ಯಾರಾದರೂ ಹೇಳಬಹುದಿತ್ತು, ಅಲ್ವಾ?

ನಮ್ಮವರ ಹೆಸರಿನದ್ದು ಇನ್ನೊಂದು ಗೋಳು. ರೇಷನ್ ಕಾರ್ಡಿನಲ್ಲಿ ಫರ್ನಾಂಡಿಸ್, ಪಾಸ್‌ಬುಕ್ಕಿನಲ್ಲಿ ಫೆರ್ನಾಂಡೀಸ್. ಇಂಗ್ಲಿಷಿನಲ್ಲಿ ಒಂದು ಕಡೆ ಕೊನೆಗೆ ಎಸ್, ಇನ್ನೊಂದು ಕಡೆ ಝಡ್. ಕೆಲವರಿಗೆ ಮದುವೆಗೆ ಮುಂಚಿನ ಅಡ್ಡಹೆಸರೇ ಉಳಿದಿದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನಕ್ಕೆ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆದ್ದರಿಂದ ಮೊದಲು ಎಲ್ಲ ಕಾಗದ ಚಾಪೆಯ ಮೇಲೆ ಹರಡಿ, ಯಾವುದನ್ನು ಮುಟ್ಟದೆ ಬಿಡಬೇಕು ಎಂದು ನೋಡಲು ಕಲಿತೆ. ಯಾರ ಆಧಾರನ್ನೂ ನನ್ನ ಫೋನಿನಲ್ಲಿ ಫೋಟೊ ತೆಗೆದುಕೊಳ್ಳಬಾರದು ಎಂಬ ನಿಯಮ ನಾನೇ ಹಾಕಿಕೊಂಡದ್ದು.

ನನಗೆ ಪ್ರಾರ್ಥನೆಯಲ್ಲಿ ಮೊದಲಿಂದ ಅಷ್ಟು ತಾಳ್ಮೆ ಇಲ್ಲ. ಆದರೆ ಒಬ್ಬ ಅಜ್ಜಿ ಬಿಡುತ್ತಲೇ ಇರಲಿಲ್ಲ. ‘ಬಾಯೆ, ಮೊದಲು ತೆರ್ಸ್, ಆಮೇಲೆ ಆಧಾರ್’ ಎಂದು ಜಪಮಾಲೆ ಕೈಗೆ ಕೊಡುತ್ತಿದ್ದರು. ಜಪದ ನಡುವೆ ಅವರು ಹೆಸರು ಹಿಡಿದು ಬೇಡಿಕೊಳ್ಳುತ್ತಿದ್ದವರಲ್ಲಿ ಅರ್ಧ ಜನ ಪಕ್ಕದ ಮನೆಯ ಹರಿಕಂತ್ರ ಹೆಂಗಸರು, ಅಂದರೆ ಹಿಂದೂ ಮೀನುಗಾರ ಸಮುದಾಯದವರು. ಅವರೂ ಕಾಗದ ಹಿಡಿದು ಬಂದರು. ಮತಾಂತರ ಏನಾದರೂ ನಡೀತಿದೆಯಾ ಎಂದು ಒಬ್ಬರು ಕೇಳಿದ್ದೂ ಉಂಟು. ಅವರ ತಾಯಿಯ ಅರ್ಜಿಯನ್ನೂ ಬರೆದುಕೊಟ್ಟೆ.

ವರ್ಷಗಟ್ಟಲೆ ಮೀನು ಕೊಯ್ದ ಕೈಗಳ ಬೆರಳಚ್ಚು ಯಂತ್ರಕ್ಕೆ ಸಿಗುವುದಿಲ್ಲ. ಬೆಳಿಗ್ಗೆ ಬುಟ್ಟಿ ಹೊತ್ತು ಹೋದವರು ಮಧ್ಯಾಹ್ನ ಬ್ಯಾಂಕಿಗೆ ಬರುವಷ್ಟರಲ್ಲಿ ಸರ್ವರ್ ಡೌನ್. ಪೋಸ್ಟ್‌ಮ್ಯಾನ್ ಮನೆಗೇ ಬಂದು ಆಧಾರ್ ಮೂಲಕ ಹಣ ಕೊಡುವ ಸೌಲಭ್ಯ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನಲ್ಲಿದೆ. ನಾನು ಕೇಳಿದ ಅಜ್ಜಿಯರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ.

ಜಿಲ್ಲಾಡಳಿತಕ್ಕೆ ನನ್ನ ಕೋರಿಕೆ ಇಷ್ಟೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮಾರುವ ಹೆಂಗಸರಿಗೆ ಸ್ವಲ್ಪ ಬಿಡುವು ಸಿಗುವುದೇ ಆಗ. ಮಾಜಾಳಿಯಿಂದ ಭಟ್ಕಳದವರೆಗೆ ಮೀನುಗಾರರ ಕೇರಿಗಳಲ್ಲೇ, ಮಳೆಗೆ ನೆನೆಯದ ಒಂದು ಜಗಲಿ ನೋಡಿ, ಬ್ಯಾಂಕ್, ಅಂಚೆ ಮತ್ತು ಕಂದಾಯದವರು ಒಟ್ಟಿಗೆ ಕುಳಿತುಕೊಳ್ಳಲಿ. ಚರ್ಚಿನ ಜಗಲಿಯಾದರೂ ಸರಿ, ದೇವಸ್ಥಾನದ್ದಾದರೂ ಸರಿ. ಕಣ್ಣು ಅಥವಾ ಮುಖ ನೋಡಿ ಗುರುತಿಸುವ ಯಂತ್ರ ತರುವುದನ್ನು ಮಾತ್ರ ಮರೆಯಬೇಡಿ. ಅರ್ಜಿ ತುಂಬಲು ಜನ ಬೇಕಿದ್ದರೆ ಎಸ್ಸೆಸ್ಸೆಲ್ಸಿ, ಪಿಯು ಮಕ್ಕಳಿಗೆ ಹೇಳಿ ಕಳಿಸಿ. ಭಾನುವಾರ ಪೂಜೆ ಮುಗಿದ ಮೇಲೆ ನಾನಂತೂ ಬರುತ್ತೇನೆ.

– ಪ್ರಥಮ ಪಿಯು ವಿದ್ಯಾರ್ಥಿನಿ, ಕೋಡಿಬಾಗ, ಕಾರವಾರ