ರಿಕ್‌ವುಡ್ ಮೈದಾನ ಉಳಿಸೋಕೆ ನಮ್ಮದೂ ಒಂದು ಕೈ ಇರ್ಲಿ

ನಮಸ್ಕಾರ ಎಲ್ಲರಿಗೂ. ದೇವಸ್ಥಾನಕ್ಕೆ, ರಾಜ್ಯೋತ್ಸವಕ್ಕೆ ಅಂತ ನಿಮ್ಮ ಹತ್ರ ಚಂದಾ ಕೇಳೋದು ಇದ್ದಿದ್ದೇ, ಈ ಸಲ ಬೇಸ್‌ಬಾಲ್ ಮೈದಾನಕ್ಕೆ ಕೇಳ್ತಿದೀವಿ, ನಗಬೇಡಿ, ಪೂರ್ತಿ ಓದಿ ಆಮೇಲೆ ಬೈರಿ.

ಬರ್ಮಿಂಗ್‌ಹ್ಯಾಮ್‌ನಲ್ಲಿ (ಇಂಗ್ಲೆಂಡಿಂದಲ್ಲ, ನಾವಿರೋ ಅಲಬಾಮಾದ್ದು) ರಿಕ್‌ವುಡ್ ಫೀಲ್ಡ್ ಅಂತ ಇದೆ. 1910ರ ಆಗಸ್ಟ್ 18ಕ್ಕೆ ಶುರುವಾಗಿದ್ದು, ಅಮೆರಿಕದಲ್ಲಿ ಇನ್ನೂ ನಿಂತಿರೋ ಪ್ರೊಫೆಷನಲ್ ಬೇಸ್‌ಬಾಲ್ ಮೈದಾನಗಳಲ್ಲಿ ಇದೇ ಹಳೇದು. ರಿಕ್ ವುಡ್‌ವರ್ಡ್ ಅಂತ ಕಬ್ಬಿಣದ ಕಂಪನಿ ಸಾಹುಕಾರ ಕಟ್ಟಿಸಿದ್ದು, ಹೆಸರೂ ಅವನದ್ದೇ, ಮೊದಲ ದಿನ ಊರಲ್ಲಿ ಅಂಗಡಿ ಮುಚ್ಚಿ ಜನ ಮ್ಯಾಚ್ ನೋಡೋಕೆ ಹೋಗಿದ್ರಂತೆ. ಬ್ಯಾರನ್ಸ್ ಅನ್ನೋ ಮೈನರ್ ಲೀಗ್ ಟೀಮಿನ ಮನೆ ಆಗಿತ್ತು ಇದು. ಮೈನರ್ ಲೀಗ್ ಅಂದ್ರೆ ದೊಡ್ಡ ಟೀಮಿಗೆ ಹತ್ತೋ ಮೊದಲಿನ ಮೆಟ್ಟಿಲು, ನಮ್ಮ ರಣಜಿ ಥರ ಅಂತ ಇಟ್ಕೊಳ್ಳಿ.

ಆದ್ರೆ ನಂಗೆ ಇಲ್ಲಿ ಮನಸ್ಸು ನಿಲ್ಲೋದು ಇನ್ನೊಂದು ಟೀಮಿನ ಕಥೇಲಿ. ಬ್ಯಾರನ್ಸ್ ಬಿಳಿಯರ ಟೀಮು, ಅವರು ಬೇರೆ ಊರಿಗೆ ಆಡೋಕೆ ಹೋದಾಗ ಅದೇ ಮೈದಾನದಲ್ಲಿ ಕರಿಯರ ಬ್ಲ್ಯಾಕ್ ಬ್ಯಾರನ್ಸ್ ಆಡ್ತಿದ್ರು. ಬಿಳಿಯರ ಮ್ಯಾಚಿಗೆ ಕರಿಯರು ಬಂದ್ರೆ ಬಲಗಡೆ ಮೂಲೇಲಿ ಬೇರೆ ಸ್ಟ್ಯಾಂಡು, ದುಡ್ಡು ಕೊಟ್ರೂ ಅಲ್ಲೇ. 1948ರಲ್ಲಿ ಪಕ್ಕದ ಊರಿನ ಹೈಸ್ಕೂಲ್ ಹುಡುಗನೊಬ್ಬ ಬ್ಲ್ಯಾಕ್ ಬ್ಯಾರನ್ಸ್‌ಗೆ ಆಡೋಕೆ ಬಂದ, ಹದಿನೇಳು ವರ್ಷ, ಹೆಸರು ವಿಲ್ಲಿ ಮೇಸ್. ಆಮೇಲೆ ಅವನು ಬೇಸ್‌ಬಾಲಿನ ಅತಿ ದೊಡ್ಡ ಆಟಗಾರರಲ್ಲಿ ಒಬ್ಬನಾದ, ಆಟ ಗೊತ್ತಿರೋರ್ನ ಕೇಳಿ ನೋಡಿ.

ಇನ್ನೊಂದು ವಿಷಯ ಕೇಳಿ ನಾನಂತೂ ಬೆಚ್ಚಿಬಿದ್ದೆ. 1963ರಲ್ಲಿ ಇದೇ ಊರಲ್ಲಿ ವರ್ಣಭೇದದ ವಿರುದ್ಧ ಮೆರವಣಿಗೆ ಹೊರಟ ಕರಿಯರ ಮಕ್ಕಳ ಮೇಲೆ ನಾಯಿ ಬಿಡಿಸಿ, ಫೈರ್ ಇಂಜಿನ್ ಪೈಪಲ್ಲಿ ನೀರು ಹೊಡೆಸಿದ ಬುಲ್ ಕಾನರ್ ಅಂತ ಊರಿನ ಪೊಲೀಸ್, ಫೈರ್ ಇಲಾಖೆ ನೋಡ್ಕೊಳ್ತಿದ್ದ ಅಧಿಕಾರಿ ಇದ್ನಲ್ಲ, ಅವನು ಮೊದಲು ಜನಕ್ಕೆ ಪರಿಚಯ ಆಗಿದ್ದೇ ಬ್ಯಾರನ್ಸ್ ಮ್ಯಾಚಿನ ರೇಡಿಯೋ ಕಾಮೆಂಟ್ರಿಯಿಂದ, ಆ ದನಿ ಮೇಲೇ ವೋಟು ಗಿಟ್ಟಿಸಿ ಅಧಿಕಾರಕ್ಕೆ ಬಂದ. ಕಾಮೆಂಟ್ರಿ ಕೇಳ್ತಾ ಬೆಳೆದ ನಮ್ಮಂಥೋರಿಗೆ ಇದು ಸುಲಭಕ್ಕೆ ಜೀರ್ಣ ಆಗಲ್ಲ. ಬಿಳಿ ಕರಿ ಜೊತೆಗೆ ಬೇಸ್‌ಬಾಲ್ ಆಡೋ ಹಾಗಿಲ್ಲ ಅಂತ 1950ರಲ್ಲಿ ಊರಿನ ಕಾನೂನೇ ಇತ್ತು, 1961ರ ಸೀಸನ್ ಮುಗಿದ್ಮೇಲೆ ಬ್ಯಾರನ್ಸ್ ಬಾಗಿಲು ಹಾಕಿದ್ರು, ಮತ್ತೆ 1964ರಲ್ಲಿ ಎರಡೂ ಬಣ್ಣದ ಆಟಗಾರರನ್ನ ಒಟ್ಟಿಗೆ ಇಟ್ಕೊಂಡು ಇದೇ ಮೈದಾನಕ್ಕೆ ಇಳಿದ್ರು.

1987 ಆದ್ಮೇಲೆ ಟೀಮು ಹೊಸ ಸ್ಟೇಡಿಯಂಗೆ ಹೋಯ್ತು. ಕೆಡವಿ ಪಾರ್ಕಿಂಗ್ ಮಾಡಿದ್ರೂ ಕೇಳೋರಿರ್ತಿರ್ಲಿಲ್ವೇನೋ, ಆದ್ರೆ 1992ರಲ್ಲಿ ಫ್ರೆಂಡ್ಸ್ ಆಫ್ ರಿಕ್‌ವುಡ್ ಅಂತ ಒಂದಷ್ಟು ಜನ ಸೇರಿ ಸ್ವಲ್ಪ ಸ್ವಲ್ಪವೇ ರಿಪೇರಿ ಶುರು ಮಾಡಿದ್ರು. 2024ರ ಜೂನ್ 20ಕ್ಕೆ ಇಲ್ಲಿ ಮೇಜರ್ ಲೀಗ್, ಅಂದ್ರೆ ಆ ದೊಡ್ಡ ಟೀಮುಗಳ ಮ್ಯಾಚೇ ನಡೀತು, ಕಾರ್ಡಿನಲ್ಸ್ 6, ಜೈಂಟ್ಸ್ 5. ಅದಕ್ಕೆ ಎರಡು ದಿನ ಮುಂಚೆ ವಿಲ್ಲಿ ಮೇಸ್ ತೀರ್ಕೊಂಡ್ರು, 93 ವರ್ಷ. ಸುದ್ದಿ ಬಂದಾಗ ಇದೇ ರಿಕ್‌ವುಡ್‌ನಲ್ಲಿ ಮೈನರ್ ಲೀಗ್ ಮ್ಯಾಚ್ ನಡೀತಿತ್ತು, ಜನ ಎದ್ದು ನಿಂತ್ರು.

ಅಷ್ಟು ದೊಡ್ಡ ಮ್ಯಾಚ್ ಆಯ್ತಲ್ಲ, ದುಡ್ಡು ಬಂದಿರಲ್ವಾ ಅಂತ ಕೇಳ್ತೀರಿ, ಸರಿಯಾದ ಪ್ರಶ್ನೆ. ಆವತ್ತಿಗೆ ಹುಲ್ಲು, ಡಗೌಟ್ ಎಲ್ಲಾ ಹೊಸದಾಯ್ತು, ಆದ್ರೆ ನೂರು ವರ್ಷ ದಾಟಿದ ಕಬ್ಬಿಣ, ಮರ, ಚಾವಣಿ ಒಂದು ಸಲ ಬಣ್ಣ ಬಳಿದ್ರೆ ಮುಗಿಯೋ ಬಾಬ್ತಲ್ಲ, ಊರಲ್ಲಿ ಹಳೇ ತೊಟ್ಟಿ ಮನೆ ಇಟ್ಕೊಂಡಿರೋರಿಗೆ ಇದನ್ನ ಹೇಳ್ಬೇಕಿಲ್ಲ.

ಅದಕ್ಕೆ ಇಲ್ಲಿರೋ ನಾಲ್ಕಾರು ಕನ್ನಡ ಮನೆಯೋರು ಸೇರಿ ಒಂದು ಮೊತ್ತ ಮಾಡಿ ಆ ಫ್ರೆಂಡ್ಸ್ ಆಫ್ ರಿಕ್‌ವುಡ್ ಸಂಸ್ಥೆಗೆ ಕೊಡೋಣ ಅಂತಿದೀವಿ. ಹತ್ತು ಡಾಲರ್ ಆದ್ರೂ ಸರಿ, ಒಂದು ಸಂಜೆ ಕಾಫಿ ತಿಂಡಿ ಖರ್ಚು ಅಷ್ಟೇ. ಯಾರು ಎಷ್ಟು ಕೊಟ್ರು ಅಂತ ಬೋರ್ಡ್ ಹಾಕಲ್ಲ, ಲೆಕ್ಕ ಮಾತ್ರ ಗ್ರೂಪಲ್ಲಿ ಹಾಕ್ತೀವಿ. ಕೊಡೋಕೆ ಆಗ್ದೇ ಇದ್ರೂ ಒಂದು ಶನಿವಾರ ಮಕ್ಕಳನ್ನ ಕರ್ಕೊಂಡು ಬನ್ನಿ, ಆ ಬಲಗಡೆ ಮೂಲೆ ನಾನೇ ತೋರಿಸ್ತೀನಿ.