ಗೊತ್ತಿರುವ ಪದದ ಹೆದರಿಕೆ

ಪುಟ್ಟಿ,

ನಿನ್ನ ಕಾಗದ ಬಂದು ನಾಲ್ಕು ದಿನ ಆಯಿತು. ಜರ್ಮನಿಯಲ್ಲಿ ನಿನ್ನ ಆ ಕೆಲಸ, ಆಫೀಸಿನ ಮೇಲ್ ಓದಿ ಆದ ಅಕ್ಟೋಬರ್ ಗೊಂದಲ ಎಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿದ್ದಾನೆ, ಅದನ್ನು ಮತ್ತೆ ಕೆದಕುವುದಿಲ್ಲ. ಆದರೆ ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, "ಗೊತ್ತಿಲ್ಲದ ಪದಕ್ಕೆ ನಾನು ಹೆದರಲ್ಲ ದೊಡ್ಡಪ್ಪ, ಗೊತ್ತಿರೋ ಪದಕ್ಕೇ ಹೆದರಿಕೆ ಆಗ್ತಿದೆ" ಅಂತ. ಆ ಸಾಲು ಹೊಟ್ಟೆಯೊಳಗೆ ಕೂತುಬಿಟ್ಟಿದೆ.

ಎವೆಂಟುಯೆಲ್. ಆ ಮೇಲ್‌ನಲ್ಲಿ ನೀನು ಇಂಗ್ಲಿಷಿನ ಕಣ್ಣಲ್ಲಿ ಓದಿಕೊಂಡ ಜರ್ಮನ್ ಪದ. ನನ್ನನ್ನು ಕೆಡವಿದ್ದೂ ಅದೇ ಪದ ಕಣೇ.

1984ರಲ್ಲಿ ನಾನು ಸ್ಟುಟ್‌ಗಾರ್ಟ್‌ನಲ್ಲಿ ತರಬೇತಿಗೆ ಇದ್ದೆ. ಆರು ತಿಂಗಳು ಅಂತ ಹೋದದ್ದು. ನಮ್ಮ ವಿಭಾಗದ ಹಿರಿಯರೊಬ್ಬರು ಒಂದು ಚೀಟಿ ಬರೆದು ಕೊಟ್ಟರು, ತರಬೇತಿ ಇನ್ನಾರು ತಿಂಗಳು ಮುಂದುವರಿಯುತ್ತದೆ, ಎವೆಂಟುಯೆಲ್ ಅಂತ. ನಾನು ಅದನ್ನು ಇಂಗ್ಲಿಷ್‌ನ ಈವೆಂಚುಯಲಿ ಅಂತಲೇ ಓದಿಕೊಂಡೆ. ತಡ ಆದರೂ ಕೊನೆಗೆ ಆಗೇ ಆಗುತ್ತದೆ ಅಂತ. ಅವರು ಬರೆದದ್ದು 'ಆದರೆ ಆಗಬಹುದು' ಅಂತ, ಅಷ್ಟೇ. ನಿಘಂಟು ಮೇಜಿನ ಮೇಲೇ ಇತ್ತು. ತೆಗೆದು ನೋಡಲಿಲ್ಲ. ಗೊತ್ತಿರುವ ಪದಕ್ಕೆ ಯಾರು ನಿಘಂಟು ತೆಗೆಯುತ್ತಾರೆ, ಹೇಳು.

ನಿನ್ನ ಹೆದರಿಕೆ ಇದೇ ಅಲ್ವಾ? ಗೊತ್ತಿಲ್ಲದ್ದು ಬಾಗಿಲಲ್ಲೇ ನಿಂತು ನಾನು ಹೊಸಬ ಅಂತ ಹೇಳಿಬಿಡುತ್ತದೆ. ಗೊತ್ತಿರುವುದು ಸೀದಾ ಒಳಗೆ ಬಂದು ಕೂರುತ್ತದೆ.

ಆಮೇಲೆ ಎಷ್ಟೋ ವರ್ಷ ಈ ಪದದ ಹಿಂದೆಯೇ ಬಿದ್ದಿದ್ದೆ, ಒಂಥರಾ ಹುಚ್ಚು. ಲ್ಯಾಟಿನ್‌ನಲ್ಲಿ ಎವೆನೀರೆ ಅಂದರೆ ಹೊರಗೆ ಬರುವುದು. ಅದರಿಂದ ಎವೆಂಟುಸ್, ಬಂದ ಫಲ, ನಡೆದ ಸಂಗತಿ. ಫಲ ಬರಬಹುದು, ಬರದೇನೂ ಇರಬಹುದು ಅನ್ನುವ ಕಡೆಗೆ ಜರ್ಮನ್, ಫ್ರೆಂಚ್, ಡಚ್, ಸ್ವೀಡಿಶ್ ಎಲ್ಲ ವಾಲಿದವು. ಇಂಗ್ಲಿಷ್ ಒಂದೇ 'ಕೊನೆಗೆ ಬಂದೇ ಬರುವುದು' ಅನ್ನುವ ಕಡೆಗೆ ಹೋಯಿತು. ಅಲ್ಲಿಯೂ ಹಿಂದೆ 'ಆದರೆ ಆಗಬಹುದು' ಅನ್ನುವ ಅರ್ಥ ಇತ್ತಂತೆ, ಕಾಲಕ್ರಮೇಣ ಬಿಟ್ಟುಹೋಯಿತು. ಅಂದರೆ ಇಡೀ ಬೀದಿ ಒಂದು ಮಾತು ಹೇಳುತ್ತಿದ್ದರೆ, ನಾವಿಬ್ಬರೂ ಮೂಲೆಮನೆಯವನ ಮಾತು ಕೇಳಿಕೊಂಡು ಹೋದೆವು. ನಮಗೆ ಪರಿಚಯ ಇದ್ದದ್ದು ಅವನೊಬ್ಬನದೇ ತಾನೇ.

ನಮ್ಮ ಹಾಸ್ಟೆಲಿನಲ್ಲಿ ಸ್ಪೇನ್‌ನ ಹುಡುಗನೊಬ್ಬ ಇದ್ದ. ಒಂದು ದಿನ ಮುಖ ಸಣ್ಣಗೆ ಮಾಡಿಕೊಂಡು ಬಂದು ತನಗೆ ಕಾನ್ಸ್ಟಿಪೇಶನ್ ಅಂದ. ಪಾಪ ಅಂತ ಎರಡು ಬಾಳೆಹಣ್ಣು ಕೊಟ್ಟು, ಬಿಸಿನೀರು ಜಾಸ್ತಿ ಕುಡಿ ಅಂದೆ. ಅವನಿಗೆ ಆಗಿದ್ದದ್ದು ನೆಗಡಿ! ಸ್ಪ್ಯಾನಿಶ್‌ನಲ್ಲಿ ಕೊನ್ಸ್ತಿಪಾದೊ ಅಂದರೆ ನೆಗಡಿ ಹಿಡಿದವನು. ಲ್ಯಾಟಿನ್ ಮೂಲದಲ್ಲಿ ಒತ್ತಿ ತುಂಬುವುದು ಅಂತ ಅರ್ಥ. ಇಂಗ್ಲಿಷಿನವನಿಗೆ ಹೊಟ್ಟೆ ಕಟ್ಟಿತು, ಸ್ಪೇನಿನವನಿಗೆ ಮೂಗು ಕಟ್ಟಿತು. ನಾವು ಎರಡಕ್ಕೂ ಕಟ್ಟಿದೆ ಅಂತಲೇ ಅನ್ನುತ್ತೇವೆ ನೋಡು. ನಗು ಬರಲಿ ಅಂತ ಬರೆದೆ.

ಆದರೆ ಎವೆಂಟುಯೆಲ್‌ನಲ್ಲಿ ನನಗೆ ನಗು ಬರಲಿಲ್ಲ. ಚೀಟಿ ಕೈಗೆ ಬಂದ ದಿನವೇ ಅಪ್ಪನಿಗೆ ಬರೆದೆ, ಇನ್ನಾರು ತಿಂಗಳು ಬರುವುದಿಲ್ಲ ಅಂತ. ಅಣ್ಣ ಇಲ್ಲದೆ ಮದುವೆ ಬೇಡ ಅಂತ ನಿನ್ನ ಅತ್ತೆಯ ಮದುವೆ ಮುಂದೆ ಹೋದದ್ದು ನಿಮಗೆಲ್ಲ ಗೊತ್ತೇ ಇದೆ. ಆ ಇನ್ನಾರು ತಿಂಗಳು ಸಿಗದಿದ್ದಾಗ ಜರ್ಮನಿಯವರು ಮಾತು ತಪ್ಪಿದರು ಅಂತ ನಾನು ಹೇಳಿದ್ದೂ ಗೊತ್ತಿದೆ. ಅವರು ತಪ್ಪಲಿಲ್ಲ ಪುಟ್ಟಿ. ಇದನ್ನು ಇವತ್ತಿನವರೆಗೂ ಯಾರ ಹತ್ತಿರವೂ ಹೇಳಿರಲಿಲ್ಲ. ಆ ಹಿರಿಯರ ಜೊತೆ ಕೊನೆಯ ಮೂರು ವಾರ ಮಾತು ಬಿಟ್ಟಿದ್ದೆ. ಹೊರಡುವ ದಿನ ಕೈ ಕುಲುಕಲು ಬಂದರು, ನಾನು ಸುಮ್ಮನೆ ಪೆಟ್ಟಿಗೆಯ ಹಗ್ಗ ಬಿಗಿಯುತ್ತಾ ನಿಂತೆ. ಬೆಂಗಳೂರಿಗೆ ಬಂದು ಒಂದು ವರ್ಷದ ಮೇಲೆ, ಬೇರೆ ಯಾವುದೋ ಪದ ಹುಡುಕುವಾಗ ನಿಘಂಟಿನಲ್ಲಿ ಇದು ಕಣ್ಣಿಗೆ ಬಿತ್ತು. ಆಗಲೂ ಅವರಿಗೆ ಎರಡು ಸಾಲು ಬರೆಯಲಿಲ್ಲ. ನಾಚಿಕೆ. ಈಗ ಅವರು ಇರಲಾರರು.

ನಿನಗೆ ಏನು ಹೇಳಲಿ? ಹೆದರಬೇಡ ಅಂತ ಬರೆದು ಎರಡು ಸಲ ಹೊಡೆದುಹಾಕಿದೆ. ಹೆದರಿಕೆ ಸ್ವಲ್ಪ ಇರಲಿ. ಆದರೆ ಬಾಯಿ ಮುಚ್ಚಿಕೊಂಡು ಕೂರುವಷ್ಟು ಬೇಡ. ಆಫೀಸಿನಲ್ಲಿ ಮಾತೇ ಕಡಿಮೆ ಮಾಡಿದ್ದೀನಿ ಅಂತ ಬರೆದಿದ್ದೀಯ, ನನಗೆ ದಿಗಿಲಾದದ್ದು ಅದಕ್ಕೆ. ಇಂಗ್ಲಿಷಿನ ಮುಖ ಇರುವ ಪದ ಕಂಡರೆ ಒಂದು ಕ್ಷಣ ನಿಲ್ಲು. ಅಕ್ಟುಯೆಲ್ ಅಂದರೆ ಇಂಗ್ಲಿಷಿನ ಆಕ್ಚುಯಲ್ ಹಾಗೆ 'ನಿಜವಾದ' ಅಲ್ಲ, 'ಸದ್ಯದ'. ಕೊಂಕುರೆಂಟ್ಸ್, ಇಂಗ್ಲಿಷಿನ ಕನ್‌ಕರೆನ್ಸ್, ಎರಡರ ಮೂಲ ಅರ್ಥವೂ ಜೊತೆಗೆ ಓಡುವುದು. ಇಂಗ್ಲಿಷಿನವರು ಜೊತೆಗೆ ಓಡಿ ಒಪ್ಪಿಗೆಗೆ ಬಂದರು, ಜರ್ಮನಿಯವರು ಓಟದ ಪಂದ್ಯಕ್ಕೆ ಇಳಿದರು, ಅವರಿಗೆ ಅದು ಪೈಪೋಟಿ. ಇನ್ನು ಅಂಗಡಿಯಲ್ಲಿ ಜಾಮ್ ತೆಗೆದುಕೊಳ್ಳುವಾಗ ಪ್ರಿಸರ್ವೇಟಿವ್ ಇದೆಯಾ ಅಂತ ಜರ್ಮನ್ ಮಾಡಿ ಕೇಳಬೇಡ. ಯಾಕೆ ಅಂತ ದೊಡ್ಡಪ್ಪ ಬರೆಯುವ ಮಾತಲ್ಲ, ಗೆಳತಿಯರನ್ನು ಕೇಳಿಕೋ.

ಇಷ್ಟು ಹೇಳಿದರೂ ನಿನ್ನ ಆ ಸಾಲಿಗೆ ಇದು ಉತ್ತರ ಆಗಲಿಲ್ಲ ಅಂತ ಗೊತ್ತು. ದಿಲ್ಲಿಯ ಶಾಲೆಗಳ ಗೋಡೆಯ ಮೇಲೆ ಶಿಕ್ಷಾ ಅಂತ ನೋಡಿ, ಚಿಕ್ಕವಳಿದ್ದಾಗ ನೀನು "ಮಕ್ಕಳಿಗೆ ಇಷ್ಟೊಂದು ಶಿಕ್ಷೆ ಯಾಕೆ ಕೊಡ್ತಾರೆ" ಅಂತ ಕೇಳಿದ್ದೆ. ಆಗ ನೀನು ಹೆದರಲಿಲ್ಲ. ಕೇಳಿದೆ, ಅಷ್ಟೇ. ಹಾಗೇ ನಿನ್ನ ಮೇಲಧಿಕಾರಿಯನ್ನೂ ಕೇಳು, ಇದು ಆಗುತ್ತದೋ, ಆಗಬಹುದೋ ಅಂತ. ನಾನು ಕೇಳದೇ ಹೋದ ಪ್ರಶ್ನೆ ಇದು, ಅದಕ್ಕೇ ಸಲಹೆ ಕೊಡಲು ಸ್ವಲ್ಪ ಸಂಕೋಚ.

ಆ ಮೇಲ್‌ನ ಸಾಲನ್ನು ಪೂರ್ತಿ ಬರೆದು ಕಳಿಸು. ಪದ ಒಂದೇ ಬೇಡ, ಹಿಂದುಮುಂದಿನದೂ ಇರಲಿ. ನನ್ನ ಹಳೇ ನಿಘಂಟನ್ನು ಅಟ್ಟದಿಂದ ಇಳಿಸಿದ್ದೇನೆ.

ನಿನ್ನ ದೊಡ್ಡಪ್ಪ