ಇಲ್ಲದ್ದನ್ನು ತುಂಬಿಸಿಕೊಟ್ಟವರಿಗೆ

ಕೊನೆಯ ಸೆಮಿಸ್ಟರಿನ ರಿಸಲ್ಟ್ ಬಂದಿದೆ. ಭೌತಶಾಸ್ತ್ರ, ಗಣಿತದಲ್ಲಿ ಬಿ.ಎಸ್ಸಿ. ಮುಗಿಯಿತು. ಎರಡನೇ ವರ್ಷದಲ್ಲಿ ಯಾರಾದರೂ ಬಂದು "ನೀನು ಡಿಗ್ರಿ ಮುಗಿಸುತ್ತೀಯ" ಅಂದಿದ್ದರೆ ನಾನೇ ನಂಬುತ್ತಿರಲಿಲ್ಲ.

ಶುಭಾಶಯ ಕಳಿಸಿದ ಎಲ್ಲರಿಗೂ ಥ್ಯಾಂಕ್ಸ್. ಆದರೆ ಈ ಬರಹ ಮುಖ್ಯವಾಗಿ ನಮ್ಮ ಕಾಲೇಜಿನ ಕೆಲವರಿಗೆ. ಹೆಸರು ಹಾಕುತ್ತಿಲ್ಲ. ಅವರಲ್ಲಿ ಒಂದಿಬ್ಬರಿಗೆ ತಮ್ಮ ಹೆಸರು ನಾಲ್ಕು ಜನರ ಬಾಯಿಗೆ ಬೀಳುವುದು ಇಷ್ಟವಿಲ್ಲ. ಅವರನ್ನು ಬಿಟ್ಟು ಉಳಿದವರ ಹೆಸರು ಮಾತ್ರ ಹಾಕಿದರೆ ಜಗಳ ಗ್ಯಾರಂಟಿ. ನಮ್ಮ ಕಾಲೇಜಿನಲ್ಲಿ ಓದಿದವರಿಗೆ ಯಾರು ಯಾರು ಅಂತ ಹೇಳಬೇಕಾಗಿಯೂ ಇಲ್ಲ. ಅಷ್ಟು ಚಿಕ್ಕದು ಅದು.

ಎಷ್ಟು ಚಿಕ್ಕದು ಅಂದರೆ, ನಮ್ಮ ಇಡೀ ಕ್ಲಾಸು ಎರಡು ಸಾಲು ಬೆಂಚಿನಲ್ಲಿ ಮುಗಿಯುತ್ತಿತ್ತು. ಹೋಗಿ ಅಡಗಿಕೊಳ್ಳಲು ಹಿಂದಿನ ಬೆಂಚು ಅನ್ನುವುದೇ ಇರಲಿಲ್ಲ. ಯಾರು ಬಂದಿಲ್ಲ ಅನ್ನುವುದು ಹಾಜರಿ ಕೂಗುವ ಮೊದಲೇ ಗೊತ್ತಾಗುತ್ತಿತ್ತು. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಅದು ಬಾಗುವ ಕೋನ ಅಳೆಯುವ ಸ್ಪೆಕ್ಟ್ರೋಮೀಟರ್ ಲ್ಯಾಬಿನಲ್ಲಿ ನೆಟ್ಟಗೆ ಕೆಲಸ ಮಾಡುತ್ತಿದ್ದದ್ದು ಒಂದೇ. ಐಚ್ಛಿಕ ವಿಷಯಗಳ ಪಟ್ಟಿ ಉದ್ದಕ್ಕಿತ್ತು, ಪಾಠ ನಡೆಯುತ್ತಿದ್ದದ್ದು ಒಂದು ವಿಷಯಕ್ಕೆ ಮಾತ್ರ. ನನಗೆ ಖಗೋಳ ಭೌತಶಾಸ್ತ್ರ ಓದಬೇಕು ಅಂತ ತುಂಬಾ ಆಸೆ ಇತ್ತು. ಕೇಳಿದವರು ಕಡಿಮೆ ಅಂತ ಆ ಪೇಪರ್ ನಡೆಸಲೇ ಇಲ್ಲ. ಆ ಬೇಜಾರು ಇನ್ನೂ ಹೋಗಿಲ್ಲ.

ಹಾಗಾಗಿ "ಚಿಕ್ಕ ಕಾಲೇಜೇ ಚೆಂದ, ನಾವೆಲ್ಲ ಒಂದೇ ಕುಟುಂಬ" ಅಂತ ನಾನು ಬರೆಯಲಾರೆ. ಅದನ್ನು ಪ್ರಾಸ್ಪೆಕ್ಟಸ್‌ನವರು ಚೆನ್ನಾಗಿಯೇ ಬರೆಯುತ್ತಾರೆ. ಚಿಕ್ಕದಾಗಿರುವುದು ಒಂದು ಗುಣ ಅಂತ ನನಗೆ ಅನ್ನಿಸಿಲ್ಲ. ಎಷ್ಟೋ ಸಲ ಅದು ಬರೀ ಕೊರತೆ. ಆ ಕೊರತೆ ನಮ್ಮ ಮೇಲೆ ಬೀಳದ ಹಾಗೆ ತಡೆದವರು ಕೆಲವರಿದ್ದಾರೆ. ತಮ್ಮ ಸಮಯ, ತಮ್ಮ ಶಕ್ತಿ ಖರ್ಚು ಮಾಡಿ ತಡೆದರು. ನನ್ನ ಥ್ಯಾಂಕ್ಸ್ ಅವರಿಗೆ.

ಮೊದಲು ಲ್ಯಾಬಿನ ಅಟೆಂಡರ್ ಅಣ್ಣನಿಗೆ. ಆ ಪ್ರಯೋಗಕ್ಕೆ ಬೇಕಾದ ಸೋಡಿಯಂ ದೀಪ ಹಚ್ಚಿದ ಕೂಡಲೇ ಹಳದಿ ಬೆಳಕು ಕೊಡುವುದಿಲ್ಲ. ಮೊದಲು ಕೆಂಪಗೆ ಉರಿಯುತ್ತದೆ, ಅದು ಒಳಗಿರುವ ನಿಯಾನ್. ಸೋಡಿಯಂ ಕಾದು ಆವಿಯಾಗಲು ಸುಮಾರು ಹೊತ್ತು ಬೇಕು. ಒಂದೇ ಸ್ಪೆಕ್ಟ್ರೋಮೀಟರಿಗೆ ಸರದಿ ಕಾಯುವವರಿಗೆ ಆ ಹೊತ್ತೂ ದುಬಾರಿ. ಅಣ್ಣ ನಾವು ಬರುವ ಮೊದಲೇ ಬಂದು ದೀಪ ಹಚ್ಚಿಡುತ್ತಿದ್ದರು. ಪ್ರಿಸಂ ಇಡುವ ಮೇಜಿನ ಮೂರು ಸ್ಕ್ರೂ ತಿರುಗಿಸಿ ಮಟ್ಟ ಮಾಡಿಟ್ಟಿರುತ್ತಿದ್ದರು. ಯಾರೂ ಅವರಿಗೆ ಇದನ್ನು ಮಾಡು ಅಂತ ಹೇಳಿರಲಿಲ್ಲ. ಆಮೇಲೆ ಒಂದು ದಿನ ಅವರೇ ಆ ಮಟ್ಟವನ್ನು ಕೆಡಿಸಿ, "ಈಗ ನೀವು ಮಾಡಿ" ಅಂತ ಕೈ ಕಟ್ಟಿಕೊಂಡು ನಿಂತರು. ಅವತ್ತು ಎಲ್ಲರೂ ಗೊಣಗಿದೆವು.

ಅವರದು ಇನ್ನೊಂದು ಹಟ ಇತ್ತು. ಸ್ಪೆಕ್ಟ್ರೋಮೀಟರಿನಲ್ಲಿ ಕೋನವನ್ನು ಸೂಕ್ಷ್ಮವಾಗಿ ಓದಲು ಎದುರುಬದುರಾಗಿ ಎರಡು ಚಿಕ್ಕ ಗುರುತುಪಟ್ಟಿ, ಅಂದರೆ ವರ್ನಿಯರ್, ಇರುತ್ತವೆ. ಅವಸರದಲ್ಲಿ ಒಂದನ್ನೇ ಓದಿ ಬರೆದುಕೊಂಡರೆ ಅವರಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು. "ಎರಡೂ ಓದಿ" ಅನ್ನುತ್ತಿದ್ದರು. ಯಾಕೆ ಅಂತ ಕೇಳಿದೆ. ದುಂಡನೆಯ ಅಳತೆಪಟ್ಟಿಯ ನಡುಬಿಂದುವೂ ಅದು ತಿರುಗುವ ಅಕ್ಷವೂ ಒಂದೇ ಕಡೆ ಕೂತಿರುವುದಿಲ್ಲ. ಕೂದಲೆಳೆಯಷ್ಟಾದರೂ ಆಚೀಚೆ ಇರುತ್ತದೆ. ಒಂದು ಕಡೆ ಜಾಸ್ತಿ ತೋರಿಸಿದ್ದನ್ನು ಇನ್ನೊಂದು ಕಡೆ ಅಷ್ಟೇ ಕಡಿಮೆ ತೋರಿಸುತ್ತದೆ. ಎರಡರ ಸರಾಸರಿ ತೆಗೆದರೆ ತಪ್ಪು ಹೊರಟುಹೋಗುತ್ತದೆ. ಅವರು ಕಾಲೇಜು ಮೆಟ್ಟಿಲು ಹತ್ತಿ ಓದಿದವರಲ್ಲ. ಈ ಪಾಠ ಮಾತ್ರ ನನಗೆ ಅವರಿಂದಲೇ ಅರ್ಥವಾಗಿದ್ದು. ಒತ್ತೊತ್ತಾಗಿ ಗೆರೆ ಇರುವ ಗ್ರೇಟಿಂಗ್ ಇಟ್ಟು, ಬಣ್ಣಗಳು ಇನ್ನೂ ದೂರ ಸರಿದು ಕಾಣುವ ಎರಡನೇ ಆರ್ಡರಿನಲ್ಲಿ, ಒಂದೇ ಅಂದುಕೊಂಡಿದ್ದ ಹಳದಿ ಗೆರೆ 589.0 ಮತ್ತು 589.6 ನ್ಯಾನೋಮೀಟರಿನ ಎರಡು ಗೆರೆಯಾಗಿ ಕಂಡಾಗ ನಾನು ಕರೆದು ತೋರಿಸಿದ್ದೂ ಅವರಿಗೇ. "ನಂಗೊತ್ತು" ಅಂದರು. ಆದರೂ ಬಗ್ಗಿ ನೋಡಿದರು.

ಈಗ ಎರಡನೇ ವರ್ಷದ ವಿಷಯ. ಅಪ್ಪ ಹಾಸಿಗೆ ಹಿಡಿದರು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಆಸ್ಪತ್ರೆಯ ಓಡಾಟ, ಸಂಜೆ ಒಂದು ಪಾರ್ಟ್ ಟೈಮ್ ಕೆಲಸ, ರಾತ್ರಿ ಸರಿಯಾದ ನಿದ್ದೆ ಇಲ್ಲ. ಕಾಲೇಜಿಗೆ ಹೋಗುವುದು ಮೊದಲು ಕಡಿಮೆಯಾಯಿತು, ಆಮೇಲೆ ನಿಂತೇ ಹೋಯಿತು. ಬಿಡಬೇಕು ಅಂತ ತೀರ್ಮಾನ ಮಾಡಿರಲಿಲ್ಲ. ಹೋಗುವುದು ಒಂದೊಂದೇ ದಿನ ಮುಂದಕ್ಕೆ ಹೋಗುತ್ತಿತ್ತು, ಅಷ್ಟೇ. ಕಾಲೇಜು ಬಿಡುವವರಲ್ಲಿ ಹೆಚ್ಚಿನವರು ಹೀಗೇ ಬಿಡುತ್ತಾರೆ ಅಂತ ನನ್ನ ಅನಿಸಿಕೆ. ದೊಡ್ಡ ಕ್ಲಾಸಾಗಿದ್ದರೆ ರಿಜಿಸ್ಟರಿನಲ್ಲಿ ಒಂದಷ್ಟು ಗೈರು ಬಿದ್ದು, ಕೊನೆಗೆ ಹಾಜರಾತಿ ಕೊರತೆಯ ನೋಟಿಸ್ ಬರುತ್ತಿತ್ತು.

ನನಗೆ ಬಂದಿದ್ದು ಗಣಿತದ ಮೇಡಂ ಅವರ ಫೋನು. ಯಾಕೆ ಬರುತ್ತಿಲ್ಲ ಅಂತ ಅವರು ಕೇಳಲಿಲ್ಲ. ಅದು ಅವರಿಗೆ ಆಗಲೇ ಗೊತ್ತಿತ್ತು. "ಇವತ್ತು ಲಿಮಿಟ್ ಶುರು ಮಾಡಿದ್ದೀನಿ, ನಾಳೆ ಮೊದಲ ಪೀರಿಯಡ್‌ಗಿಂತ ಒಂದು ಗಂಟೆ ಮುಂಚೆ ಬಾ" ಅಂದರು. ಹೋದೆ. ಸ್ಟಾಫ್ ರೂಮಿನಲ್ಲಿ ಅವರೊಬ್ಬರೇ ಕೂತಿದ್ದರು. ಆ ಸೆಮಿಸ್ಟರ್ ಪೂರ್ತಿ ಹಾಗೇ ನಡೆಯಿತು.

ಲಿಮಿಟ್ ಅಂದರೆ x ಒಂದು ಬೆಲೆಗೆ ಹತ್ತಿರವಾದಂತೆ ಉತ್ತರ ಹತ್ತಿರವಾಗುತ್ತಾ ಹೋಗುವ ಸಂಖ್ಯೆ. ಉತ್ತರ ಅದಕ್ಕೆ ಎಷ್ಟು ಹತ್ತಿರ ಇರಬೇಕು ಅನ್ನುವುದು ಎಪ್ಸಿಲಾನ್, ಅದಕ್ಕಾಗಿ x ಎಷ್ಟು ಹತ್ತಿರ ಬರಬೇಕು ಅನ್ನುವುದು ಡೆಲ್ಟಾ. ಈ ಎಪ್ಸಿಲಾನ್-ಡೆಲ್ಟಾ ಅಂದರೆ ನಮ್ಮ ಕ್ಲಾಸಿನಲ್ಲಿ ಎಲ್ಲರಿಗೂ ಭಯ. ಮೇಡಂ ಅದನ್ನು ಆಟ ಮಾಡಿಬಿಟ್ಟರು. "ನಾನು ಒಂದು ಎಪ್ಸಿಲಾನ್ ಕೊಡ್ತೀನಿ, ಎಷ್ಟು ಚಿಕ್ಕದು ಬೇಕಾದರೂ ಕೊಡ್ತೀನಿ. ಅದಕ್ಕೆ ಸರಿಹೊಂದುವ ಡೆಲ್ಟಾ ನೀನು ಹುಡುಕಿ ಕೊಡಬೇಕು. ಪ್ರತಿ ಸಲ ಕೊಡೋಕಾದ್ರೆ ಲಿಮಿಟ್ ಇದೆ, ಒಂದು ಸಲ ಸೋತರೂ ಇಲ್ಲ." ನಾನು ಡೆಲ್ಟಾ ಹೇಳುವುದು, ಅವರು ಎಪ್ಸಿಲಾನನ್ನು ಇನ್ನೂ ಚಿಕ್ಕದು ಮಾಡುವುದು. ಪ್ರತಿ ಸಲವೂ ಹೊಸದಾಗಿ ಹುಡುಕಿದರೆ ಆಗುವುದಿಲ್ಲ, ಎಪ್ಸಿಲಾನ್ ಯಾವುದಿದ್ದರೂ ನಡೆಯುವ ಒಂದು ಸೂತ್ರ ಬೇಕು ಅಂತ ಹೊಳೆಯುವ ತನಕ ಬಿಡಲಿಲ್ಲ. ಅದು ಹೊಳೆದ ಮೇಲೆ ಪುಸ್ತಕದ ವ್ಯಾಖ್ಯೆ ಓದಿದರೆ, ಅರೆ, ಇಷ್ಟೇನಾ ಅನ್ನಿಸಿತು.

ಆಮೇಲೆ ಎಲ್ಲೋ ಓದಿದೆ. ಬೆಂಜಮಿನ್ ಬ್ಲೂಮ್ ಅನ್ನುವ ಶಿಕ್ಷಣತಜ್ಞರು 1984ರಲ್ಲಿ ಒಂದು ಲೇಖನ ಬರೆದಿದ್ದರು. ಒಬ್ಬರಿಗೊಬ್ಬರು ಕೂತು ಪಾಠ ಹೇಳಿಸಿಕೊಂಡ ಸಾಧಾರಣ ವಿದ್ಯಾರ್ಥಿ, ಮಾಮೂಲಿ ಕ್ಲಾಸಿನ ಶೇಕಡಾ 98 ಮಂದಿಗಿಂತ ಮುಂದೆ ಇರುತ್ತಾನೆ ಅನ್ನುವುದು ಅವರು ಕಂಡ ಫಲಿತಾಂಶ. ಮುಂದಿನ ಅಧ್ಯಯನಗಳಲ್ಲಿ ಲಾಭ ಇಷ್ಟು ದೊಡ್ಡದಾಗಿ ಕಂಡಿಲ್ಲ, ಆದರೂ ಲಾಭ ಇದೆ. ಬ್ಲೂಮ್ ಅವರ ಚಿಂತೆ ಇದ್ದದ್ದು ಖರ್ಚಿನ ಬಗ್ಗೆ. ಒಬ್ಬೊಬ್ಬರಿಗೂ ಒಬ್ಬೊಬ್ಬ ಶಿಕ್ಷಕರನ್ನು ಇಡುವುದು ಯಾವ ಸಮಾಜದ ಕೈಲೂ ಆಗುವುದಿಲ್ಲ. ಅದೇ ಲಾಭ ಕೊಡುವ ಅಗ್ಗದ ದಾರಿ ಯಾವುದು ಅಂತ ಅವರು ಹುಡುಕುತ್ತಿದ್ದರು. ನನ್ನ ವಿಷಯದಲ್ಲಿ ಆ ಖರ್ಚನ್ನು ಮೇಡಂ ಒಬ್ಬರೇ ಭರಿಸಿದರು. ಆ ಬೆಳಗಿನ ಗಂಟೆಗೆ ಅವರಿಗೆ ಸಂಬಳ ಇರಲಿಲ್ಲ. ಅವರ ಮನೆಯಲ್ಲೂ ಚಿಕ್ಕ ಮಗು ಇತ್ತು. ಮೇಡಂ, ಇದನ್ನು ನೀವು ಓದಿದರೆ "ಇದೆಲ್ಲ ಯಾಕೆ ಬರೀತೀಯ" ಅಂತ ಬೈಯುತ್ತೀರಿ. ಬೈಯಿರಿ, ಪರವಾಗಿಲ್ಲ.

ಕಚೇರಿಯಲ್ಲಿ ಫೀಸು ಕಟ್ಟಿಸಿಕೊಳ್ಳುವ ಸರ್ ಬಗ್ಗೆ ಹೇಳಲೇಬೇಕು. ಚಿಕ್ಕ ಕಾಲೇಜಿನ ಅತಿ ದೊಡ್ಡ ಕಾಟ ಅಂದರೆ ಗುಟ್ಟು ನಿಲ್ಲುವುದಿಲ್ಲ. ಯಾರ ಜೊತೆ ಯಾರು ಮಾತು ಬಿಟ್ಟರು, ಯಾರಿಗೆ ಎಷ್ಟು ಮಾರ್ಕ್ಸ್ ಬಂತು, ಯಾರ ಮನೆಯಲ್ಲಿ ಏನಾಯಿತು, ಎಲ್ಲ ಮಧ್ಯಾಹ್ನದೊಳಗೆ ಎಲ್ಲರಿಗೂ ತಿಳಿದಿರುತ್ತದೆ. ಅಪ್ಪನ ಕಾಯಿಲೆ ಬಗ್ಗೆ ನನಗಿಂತ ಜಾಸ್ತಿ ತಿಳಿದುಕೊಂಡವರ ಹಾಗೆ ಮಾತಾಡಿದವರೂ ಇದ್ದರು. ಅದು ನೋವಾಗಿತ್ತು, ಈಗಲೂ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ. ಆದರೆ ನನ್ನ ಫೀಸು ಬಾಕಿ ಇರುವ ವಿಷಯ ಮಾತ್ರ ಆ ಕಿಟಕಿಯಿಂದ ಹೊರಗೆ ಬರಲೇ ಇಲ್ಲ. ಕೊನೆಯ ದಿನ ಕಳೆದಿತ್ತು. ಸರ್ ನನ್ನನ್ನು ಸಾಲಿನಲ್ಲಿ ನಿಲ್ಲಿಸದೆ, ಎಲ್ಲರೂ ಹೋದ ಮೇಲೆ ಬರಲು ಹೇಳಿ, ಕಂತಿನಲ್ಲಿ ಕಟ್ಟಲು ಅರ್ಜಿ ಬರೆಯುವುದು ಹೇಗೆ ಅಂತ ತಾವೇ ಹೇಳಿಕೊಟ್ಟರು. ಪ್ರಾಂಶುಪಾಲರ ಸಹಿ ತಾವೇ ಹಾಕಿಸಿಕೊಂಡು ಬಂದರು. ಹಾಲ್ ಟಿಕೆಟ್ ಕೊಡುವ ದಿನ ನನ್ನದೂ ಎಲ್ಲರ ಕಟ್ಟಿನಲ್ಲೇ ಇತ್ತು. ಬೇರೆ ಕರೆದು ಕೊಡಲಿಲ್ಲ. ಇದು ಎಷ್ಟು ದೊಡ್ಡ ವಿಷಯ ಅನ್ನುವುದು ಹೀಗೆ ಸಾಲಿನಲ್ಲಿ ನಿಂತು ಎದೆ ಢವಢವ ಅಂದವರಿಗೆ ಗೊತ್ತಿರುತ್ತದೆ.

ಗ್ರಂಥಾಲಯದ ಮೇಡಂ. ಇಡೀ ಗ್ರಂಥಾಲಯಕ್ಕೆ ಅವರೊಬ್ಬರೇ. ಗ್ರಂಥಾಲಯ ಹೇಗೆ ನಡೆಯಬೇಕು ಅನ್ನುವ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳನ್ನು ತಮ್ಮ ಕೈಬರಹದಲ್ಲಿ ಬರೆದು ಮೇಜಿನ ಹಿಂದೆ ಅಂಟಿಸಿದ್ದರು. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, 1931ರಲ್ಲಿ ಆ ಸೂತ್ರಗಳ ಪುಸ್ತಕ ಬಂತು. ನಾಲ್ಕನೆಯ ಸೂತ್ರ, ಓದುಗರ ಸಮಯ ಉಳಿಸಿ ಅನ್ನುವುದು. ಮೇಡಂ ಅದನ್ನು ಅಕ್ಷರಶಃ ಪಾಲಿಸಿದರು. ನನಗೆ ಗ್ರಂಥಾಲಯದಲ್ಲಿ ಕೂರಲು ಸಮಯವಿಲ್ಲ ಅಂತ ಗೊತ್ತಾದ ಮೇಲೆ, ಬೇಕಾದ ಪುಸ್ತಕಗಳನ್ನು ಮೊದಲೇ ತೆಗೆದು, ಬೇಕಾದ ಅಧ್ಯಾಯಕ್ಕೆ ಚೀಟಿ ಇಟ್ಟು, ಮೇಜಿನ ಮೇಲೆ ಜೋಡಿಸಿರುತ್ತಿದ್ದರು. ನಮ್ಮಲ್ಲಿ ಇಲ್ಲದ ಪುಸ್ತಕವನ್ನು ಬೇರೆ ಕಾಲೇಜಿನಿಂದ ತರಿಸಿಕೊಟ್ಟದ್ದೂ ಉಂಟು. ಖಗೋಳ ಭೌತಶಾಸ್ತ್ರದ ಪೇಪರ್ ಸಿಗದೆ ಮುಖ ಊದಿಸಿಕೊಂಡು ಕೂತಿದ್ದಾಗ ನಕ್ಷತ್ರಗಳ ಬಗ್ಗೆ ಒಂದು ದಪ್ಪ ಪುಸ್ತಕ ತಂದು ಮುಂದಿಟ್ಟರು. ಪರೀಕ್ಷೆ ಇಲ್ಲದೆ ಓದಿದ ಒಂದೇ ಪುಸ್ತಕ ಅದು.

ಗೆಳೆಯರು, ಗೆಳತಿಯರು. ಇವರ ಬಗ್ಗೆ ಬರೆದರೆ ಮುಗಿಯುವುದಿಲ್ಲ. ಒಬ್ಬಳು ನಾನು ಬರದ ದಿನಗಳ ನೋಟ್ಸನ್ನು ನನಗೋಸ್ಕರ ಎರಡನೇ ಸಲ ಬರೆದಳು. ಫೋಟೋ ತೆಗೆದು ಕಳಿಸಿದ್ದರೆ ಸಾಕಿತ್ತು, ಆದರೆ ಅವಳ ಕ್ಲಾಸ್ ನೋಟ್ಸ್ ಅವಳಿಗೆ ಮಾತ್ರ ಓದಲು ಬರುತ್ತದೆ. ಅಂಚಿನಲ್ಲಿ "ಇಲ್ಲಿ ಸರ್ ನಕ್ಕರು, ಯಾಕೆ ಅಂತ ಯಾರಿಗೂ ಗೊತ್ತಾಗಲಿಲ್ಲ" ಅಂತೆಲ್ಲ ಇರುತ್ತಿತ್ತು. ಇನ್ನೊಬ್ಬ ನನ್ನನ್ನು ಕಾಲೇಜು ಮ್ಯಾಗಜಿನ್ ಕೆಲಸಕ್ಕೆ ಎಳೆದ. ನನಗೆ ಬರೆಯಲು ಬರುವುದಿಲ್ಲ ಅಂದೆ. "ಬೇರೆ ಯಾರೂ ಇಲ್ಲ ಮಾರಾಯ" ಅಂದ. ಅದು ನಿಜವೇ ಆಗಿತ್ತು. ವಿಜ್ಞಾನ ಪ್ರದರ್ಶನಕ್ಕೆ ಮಾಡೆಲ್ ಮಾಡಿದವರೇ ಕುರ್ಚಿ ಹಾಕಬೇಕು, ಸ್ವಾಗತ ಭಾಷಣ ಮಾಡಿದವರೇ ಮೈಕ್ ಸರಿ ಮಾಡಬೇಕು. 1964ರಲ್ಲಿ ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ ಅನ್ನುವವರು ಅಮೆರಿಕದ ಕ್ಯಾನ್ಸಸ್‌ನ ಪ್ರೌಢಶಾಲೆಗಳನ್ನು ನೋಡಿ ಇದನ್ನೇ ಹೇಳಿದ್ದರು. ದೊಡ್ಡ ಶಾಲೆಯಲ್ಲಿ ಚಟುವಟಿಕೆಗಳ ಬಗೆ ಜಾಸ್ತಿ. ಆದರೆ ಚಿಕ್ಕ ಶಾಲೆಯಲ್ಲಿ ಒಬ್ಬೊಬ್ಬರ ಹೆಗಲಿಗೆ ಬೀಳುವ ಜವಾಬ್ದಾರಿ ಜಾಸ್ತಿ, ಸುಮ್ಮನೆ ನೋಡುತ್ತಾ ಕೂರುವವರು ಕಡಿಮೆ. ನನ್ನಂಥ, ಅಷ್ಟೇನೂ ಬರದವರನ್ನೂ ಸೇರಿಸಿಕೊಳ್ಳದೆ ಚಿಕ್ಕ ಕಾಲೇಜಿನವರಿಗೆ ಬೇರೆ ದಾರಿ ಇರುವುದಿಲ್ಲ. ಮನೆಯ ಚಿಂತೆಯಲ್ಲಿ ಮುಳುಗಿದ್ದ ನನಗೆ, ನಾಳೆ ಪುಟ ವಿನ್ಯಾಸ ಮುಗಿಸಿಕೊಡಬೇಕು ಅನ್ನುವ ಒಂದು ಕಾರಣ ಸಿಕ್ಕಿತು. ಅಷ್ಟರ ಮಟ್ಟಿಗೆ ಚಿಕ್ಕದಾಗಿರುವುದರಿಂದ ಲಾಭವಾಗಿದೆ, ಒಪ್ಪುತ್ತೇನೆ.

ಮೂರನೇ ವರ್ಷದ ನಡುವೆ ನಮ್ಮ ಭೌತಶಾಸ್ತ್ರದ ಸರ್ ಬಿಟ್ಟು ಹೋದರು. ಅವರಿಗೂ ನನ್ನ ಥ್ಯಾಂಕ್ಸ್. ಹೋದರು ಅಂತ ಆಗ ಎಲ್ಲರೂ ಬೈದರು. ನಾನು ಬೈಯಲಾರೆ. ಒಪ್ಪಂದದ ಮೇಲೆ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದೆ, ಇಬ್ಬರು ಮಾಡುವ ಪಾಠವನ್ನು ಒಬ್ಬರೇ ಮಾಡುತ್ತಿದ್ದವರು ಅವರು. ಹೋಗುವ ಮುಂಚೆ ಉಳಿದ ಅಧ್ಯಾಯಗಳ ನೋಟ್ಸ್ ಪೂರ್ತಿ ಬರೆದು ಕೊಟ್ಟರು. ಹೊಸ ಊರಿಂದ ಭಾನುವಾರ ಫೋನಿನಲ್ಲಿ ಲೆಕ್ಕ ಬಿಡಿಸಿಕೊಟ್ಟರು. ಎಂ.ಎಸ್ಸಿ. ಅರ್ಜಿಗೆ ಶಿಫಾರಸು ಪತ್ರ ಬರೆದವರೂ ಅವರೇ. "ಶ್ರದ್ಧಾವಂತ ವಿದ್ಯಾರ್ಥಿ" ಅಂತ ಎರಡು ಸಾಲು ಬರೆದು ಸಹಿ ಮಾಡಬಹುದಿತ್ತು. ಅವರು ನಾನು ಯಾವ ಪ್ರಯೋಗದಲ್ಲಿ ಯಾವ ಪ್ರಶ್ನೆ ಕೇಳಿದ್ದೆ ಅಂತ ಬರೆದಿದ್ದರು. ನನಗೇ ಮರೆತುಹೋಗಿತ್ತು.

2014ರಲ್ಲಿ ಗ್ಯಾಲಪ್ ಸಂಸ್ಥೆ ಮತ್ತು ಪರ್ಡ್ಯೂ ವಿಶ್ವವಿದ್ಯಾಲಯ ಸೇರಿ ಅಮೆರಿಕದಲ್ಲಿ 30,000ಕ್ಕೂ ಹೆಚ್ಚು ಪದವೀಧರರನ್ನು ಕೇಳಿದ್ದರು. ನಿಮ್ಮ ಬಗ್ಗೆ ಕಾಳಜಿ ಇದ್ದ, ಓದಿನಲ್ಲಿ ಹುಮ್ಮಸ್ಸು ಹುಟ್ಟಿಸಿದ ಶಿಕ್ಷಕರು ಇದ್ದರಾ, ಬೆನ್ನಿಗೆ ನಿಂತು ದಾರಿ ತೋರಿಸಿದವರು ಇದ್ದರಾ ಅಂತ. ಮೂರೂ ಇತ್ತು ಅಂದವರು ಶೇಕಡಾ 14 ಮಾತ್ರ. ಅಂಥವರು ಮುಂದೆ ತಮ್ಮ ಕೆಲಸದಲ್ಲಿ ಮನಸ್ಸಿಟ್ಟು ದುಡಿಯುವ ಸಾಧ್ಯತೆ ಎರಡು ಪಟ್ಟು. ಕಾಲೇಜು ಸರ್ಕಾರಿಯೋ ಖಾಸಗಿಯೋ ಅನ್ನುವುದರಿಂದ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ನನಗೆ ಮೂರೂ ಸಿಕ್ಕಿತು. ಆಡಳಿತ ಮಂಡಳಿಯವರಿಗೆ ಕಂತಿಗೆ ಒಪ್ಪಿದ್ದಕ್ಕೆ ಥ್ಯಾಂಕ್ಸ್ ಹೇಳುತ್ತಲೇ ಒಂದು ಮಾತು. ಇಂಥ ಶಿಕ್ಷಕರನ್ನು ಉಳಿಸಿಕೊಳ್ಳಿ. ಅವರಿಗೆ ಕಾಯಂ ಕೆಲಸ ಕೊಡಿ. ಬೆಳಗಿನ ಆ ಒಂದು ಗಂಟೆಯನ್ನು ಕೆಲಸದ ಗಂಟೆ ಅಂತ ಲೆಕ್ಕಕ್ಕೆ ಹಿಡಿಯಿರಿ. ಹೊಸ ಗೇಟು ಚೆನ್ನಾಗಿದೆ, ಆದರೆ ಇನ್ನೊಂದು ಸ್ಪೆಕ್ಟ್ರೋಮೀಟರ್ ಬಂದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ಅಲ್ವಾ?

ಅಪ್ಪ ಈಗ ಎದ್ದು ಓಡಾಡುತ್ತಾರೆ. ರಿಸಲ್ಟ್ ನೋಡಿ ಮಾರ್ಕ್ಸ್ ಕಾರ್ಡನ್ನು ಎರಡು ಸಲ ಓದಿದರು. ಅಮ್ಮನಿಗೆ ಥ್ಯಾಂಕ್ಸ್ ಹೇಳಿದರೆ ಜಗಳಕ್ಕೆ ಬರುತ್ತಾರೆ, ಅದಕ್ಕೇ ಇಲ್ಲಿ ಹೇಳಿಬಿಡುತ್ತೇನೆ.

ಮುಂದಿನ ತಿಂಗಳು ಎಂ.ಎಸ್ಸಿ.ಗೆ ಹೊರಡುತ್ತಿದ್ದೇನೆ. ಜೂನಿಯರ್‌ಗಳು ನೋಟ್ಸ್ ಕೇಳುತ್ತಿದ್ದೀರಿ. ಎಲ್ಲ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ, ಮೇಡಂ ಹತ್ತಿರ ಕೇಳಿ. ನಾನು ಬರದ ದಿನಗಳ ನೋಟ್‌ಬುಕ್ ಮಾತ್ರ ನನ್ನ ಅಕ್ಷರದ್ದಲ್ಲ, ಗೆಳತಿ ಬರೆದುಕೊಟ್ಟದ್ದು. ಅದನ್ನು ಮನೆಗೆ ತೆಗೆದುಕೊಂಡು ಹೋಗಬೇಡಿ, ಅಲ್ಲೇ ಫೋಟೋ ಹೊಡೆದುಕೊಳ್ಳಿ. ಸರ್ ಯಾಕೆ ನಕ್ಕರು ಅಂತ ನಿಮಗೆ ಗೊತ್ತಾದರೆ ಅಂಚಿನಲ್ಲಿ ಬರೆದಿಡಿ.